ತಕ್ಕಡಿಯನ್ನೂ ಒಮ್ಮೆ ತೂಗಿ ನೋಡಿ

ಪ್ರಶ್ನೆ: ನಾನು ವಿಜ್ಞಾನ ವಿಭಾಗವೊಂದಕ್ಕೆ ಹೊಸದಾಗಿ ಸೇರಿದ ಅಧ್ಯಾಪಕ. ಈ ವರ್ಷ ಪಿಎಚ್‌ಡಿ ಆಯ್ಕೆ ಸಮಿತಿಗೆ ನನ್ನನ್ನೂ ಹಾಕಿದ್ದಾರೆ. ಹಳೆಯ ಪಟ್ಟಿಗಳನ್ನು ನೋಡಿದರೆ ಆಯ್ಕೆಯಾದವರಲ್ಲಿ ಒಂದೇ ಬಗೆಯ ಹಿನ್ನೆಲೆಯವರು ಜಾಸ್ತಿ. ಈ ಮಾತು ಎತ್ತಿದರೆ ಹಿರಿಯ ಸಹೋದ್ಯೋಗಿಯೊಬ್ಬರು, ‘ಬಾಗಿಲು ಎಲ್ಲರಿಗೂ ತೆರೆದೇ ಇದೆ, ಬರದಿದ್ದರೆ ನಾವೇನು ಮಾಡೋಣ? ವಿಜ್ಞಾನಕ್ಕೆ ಬೇಕಾದದ್ದು ಪ್ರತಿಭೆ, ವೈವಿಧ್ಯ ಅಲ್ಲ’ ಎನ್ನುತ್ತಾರೆ. ಅವರು ಕೆಟ್ಟವರಲ್ಲ. ಏನು ಉತ್ತರ ಕೊಡಬೇಕು ಅಂತ ನನಗೇ ಗೊತ್ತಾಗುತ್ತಿಲ್ಲ. ವೈವಿಧ್ಯ, ಸಮತೆ ಅಂತ ಹೊರಟರೆ ಗುಣಮಟ್ಟ ಇಳಿಯುತ್ತದೆಯೇ? ಸಮಿತಿಯಲ್ಲಿ ಕುಳಿತು ನಾನು ಏನು ಮಾಡಬಹುದು?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ವಿಜ್ಞಾನಕ್ಕೆ ಪ್ರತಿಭೆ ಬೇಕೇ ಬೇಕು. ಆದರೆ ಆ ಮಾತಿನ ಹೊಟ್ಟೆಯಲ್ಲಿ ಇನ್ನೊಂದು ಮಾತು ಅಡಗಿದೆ. ಪ್ರತಿಭೆ ಎಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳುತ್ತದೆ, ನಮ್ಮ ತಕ್ಕಡಿ ಸರಿಯಾಗಿದೆ ಅನ್ನುವ ಮಾತು. ಲ್ಯಾಬಿಗೆ ಹೊಸ ತಕ್ಕಡಿ ಬಂದರೆ ಮೊದಲು ಗೊತ್ತಿರುವ ತೂಕ ಇಟ್ಟು ಅದನ್ನು ಪರೀಕ್ಷೆ ಮಾಡುತ್ತೇವೆ. ಮನುಷ್ಯರನ್ನು ತೂಗುವ ತಕ್ಕಡಿಯನ್ನು ಮಾತ್ರ ಸುಮ್ನೆ ನಂಬಿಬಿಡುತ್ತೇವೆ.

ಅದನ್ನೂ ಪರೀಕ್ಷೆ ಮಾಡಿದವರು ಇದ್ದಾರೆ. ಕ್ರಿಸ್ಟಿನ್ ವೆನ್ನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು. ತಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಫೆಲೋಶಿಪ್ ಅರ್ಜಿಗಳಿಗೆ ಹೇಗೆ ಅಂಕ ಕೊಡುತ್ತದೆ ಅಂತ ನೋಡಲು ಹೊರಟರು. ಮಂಡಳಿ ಕಡತ ಕೊಡಲು ಒಪ್ಪಲಿಲ್ಲ. ಕೋರ್ಟಿನಿಂದ ಆದೇಶ ತಂದು ಓದಿದರು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಪ್ರಕಟಿಸಿದರು. ಗಂಡಸಿಗೆ ಸಿಕ್ಕಷ್ಟೇ ಸಾಮರ್ಥ್ಯದ ಅಂಕ ಹೆಂಗಸಿಗೂ ಸಿಗಬೇಕಾದರೆ ಆಕೆಯ ಸಂಶೋಧನೆಯ ಫಸಲು 2.5 ಪಟ್ಟು ಇರಬೇಕಿತ್ತು! ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದೇ ಪೇಪರಿನಲ್ಲಿದ್ದ ಇನ್ನೊಂದು ಸಂಗತಿಯನ್ನು ಮರೆಯುತ್ತಾರೆ. ಸಮಿತಿಯಲ್ಲಿ ಪರಿಚಯದವರು ಒಬ್ಬರಿದ್ದರೆ, ಗಂಡಸಾಗಿರುವುದಕ್ಕೆ ಸಿಗುತ್ತಿದ್ದಷ್ಟೇ ಲಾಭ ಹೆಚ್ಚು ಕಡಿಮೆ ಅದಕ್ಕೂ ಸಿಗುತ್ತಿತ್ತು. ನನಗೆ ಈ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ತಕ್ಕಡಿ ರಿಪೇರಿ ಮಾಡಿದರೆ ಹೆಂಗಸರಿಗೆ ಮಾತ್ರ ಅನುಕೂಲ ಅಂತ ಅಂದುಕೊಳ್ಳುತ್ತಾರಲ್ಲ, ಹಾಗಲ್ಲ. ಯಾರ ಪರಿಚಯವೂ ಇಲ್ಲದ ಹುಡುಗನಿಗೂ ಅನುಕೂಲ.

2012ರಲ್ಲಿ ಅಮೆರಿಕದಲ್ಲಿ ಇನ್ನೂ ಸರಳವಾದ ಪ್ರಯೋಗ ನಡೆಯಿತು. ಲ್ಯಾಬ್ ಮ್ಯಾನೇಜರ್ ಕೆಲಸಕ್ಕೆ ಅಂತ ಒಂದೇ ಅರ್ಜಿಯನ್ನು 127 ವಿಜ್ಞಾನ ಪ್ರಾಧ್ಯಾಪಕರಿಗೆ ಕಳಿಸಿದರು. ಕೆಲವರಿಗೆ ಹೋದ ಪ್ರತಿಯಲ್ಲಿ ಹೆಸರು ಜಾನ್. ಉಳಿದವರಿಗೆ ಹೋದದ್ದರಲ್ಲಿ ಜೆನ್ನಿಫರ್. ಬೇರೆ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಜಾನ್ ಹೆಚ್ಚು ಸಮರ್ಥನಾಗಿ ಕಂಡ. ಅವನಿಗೆ ವರ್ಷಕ್ಕೆ ಸರಾಸರಿ 30,238 ಡಾಲರ್ ಸಂಬಳ ಕೊಡಬಹುದು ಅಂದರು, ಅವಳಿಗೆ 26,508. ಹೀಗೆ ತೂಗಿದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಇದ್ದರು. ಅವರೂ ಬೇರೆಯಾಗಿ ತೂಗಲಿಲ್ಲ.

ಇದರ ಜೊತೆಗೆ ಇನ್ನೊಂದು ಅಧ್ಯಯನವನ್ನೂ ಹೇಳಲೇಬೇಕು. ಇಲ್ಲದಿದ್ದರೆ ನಾಳೆ ಸಭೆಯಲ್ಲಿ ಯಾರಾದರೂ ಅದನ್ನು ನಿಮ್ಮ ಮುಂದೆ ಇಡುತ್ತಾರೆ. 2015ರಲ್ಲಿ ವೆಂಡಿ ವಿಲಿಯಮ್ಸ್ ಮತ್ತು ಸ್ಟೀಫನ್ ಸೆಸಿ 873 ಅಧ್ಯಾಪಕರಿಗೆ ಅಧ್ಯಾಪಕ ಹುದ್ದೆಯ ಕಾಲ್ಪನಿಕ ಅಭ್ಯರ್ಥಿಗಳ ವಿವರ ಕೊಟ್ಟು ಆರಿಸಲು ಹೇಳಿದರು. ಅಲ್ಲಿ ಹೆಂಗಸರ ಕಡೆಗೇ ಎರಡಕ್ಕೆ ಒಂದರಂತೆ ಒಲವು ಕಂಡಿತು. ಹಾಗಾದರೆ ಮೊದಲಿನದು ಸುಳ್ಳೇ? ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡನೆಯದರಲ್ಲಿ ಅಭ್ಯರ್ಥಿಗಳೆಲ್ಲ ಎದ್ದು ಕಾಣುವಷ್ಟು ಚೆನ್ನಾಗಿದ್ದರು. ಮೊದಲನೆಯದರಲ್ಲಿ ಅರ್ಜಿ ಪರವಾಗಿಲ್ಲ ಅನ್ನುವಂತಿತ್ತು, ಎರಡೂ ಕಡೆಗೆ ವಾಲಬಹುದಾದದ್ದು. ಅನುಮಾನ ಇರುವ ಕಡೆಯೇ ನಮ್ಮ ಅಭ್ಯಾಸದ ಕೈ ತಕ್ಕಡಿಯ ಮೇಲೆ ಬೀಳುತ್ತದೆ ಅಂತ ನಾನು ಓದಿಕೊಂಡಿದ್ದೇನೆ. ಪಿಎಚ್‌ಡಿ ಅರ್ಜಿಗಳಲ್ಲಿ ಬಹುಪಾಲು ಈ ಅನುಮಾನದ ಜಾಗದಲ್ಲೇ ಇರುತ್ತವೆ ಅಲ್ವಾ?

ನಾನೂ ಈ ತಪ್ಪು ಮಾಡಿದವನೇ. ಒಮ್ಮೆ ಒಂದು ಸಮಿತಿಯಲ್ಲಿ ಒಬ್ಬ ಅಭ್ಯರ್ಥಿಗೆ ಉದಾರವಾಗಿ ಅಂಕ ಕೊಟ್ಟೆ. ಯಾಕೆ ಕೊಟ್ಟೆ ಅಂತ ಪಕ್ಕದವರು ಕೇಳಿದಾಗ ಬಾಯಿಗೆ ಬಂದ ಉತ್ತರ ‘ಶಿಫಾರಸು ಪತ್ರ ತುಂಬಾ ಚೆನ್ನಾಗಿದೆ’. ಪತ್ರವನ್ನು ಮತ್ತೆ ಓದಿದೆ. ಅದರಲ್ಲಿ ಎಲ್ಲ ಪತ್ರಗಳಲ್ಲೂ ಇರುವ ಮಾತುಗಳೇ ಇದ್ದವು. ಚೆನ್ನಾಗಿದ್ದದ್ದು ಕೆಳಗಿನ ಸಹಿ. ಅದು ನನಗೆ ಗೊತ್ತಿದ್ದವರ ಸಹಿ.

ಇನ್ನು ಗುಣಮಟ್ಟದ ವಿಚಾರ. ‘ಬೇರೆ ಬೇರೆ ಹಿನ್ನೆಲೆಯ ಜನ ಇರುವ ತಂಡ ಯಾವಾಗಲೂ ಚೆನ್ನಾಗಿ ಕೆಲಸ ಮಾಡುತ್ತದೆ’ ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನಾನು ಆ ವಾದ ಬಳಸುವುದಿಲ್ಲ. ಕೆಲವು ತಂಡಗಳಲ್ಲಿ ಹಾಗಾಗುತ್ತದೆ, ಕೆಲವು ಜಗಳದಲ್ಲೇ ಮುಗಿಯುತ್ತವೆ. ನನ್ನ ವಾದ ಇದಕ್ಕಿಂತ ಸಣ್ಣದು, ಗಟ್ಟಿಯಾದದ್ದು. ಒಂದೇ ಬಗೆಯ ಜನ ಒಂದೇ ಬಗೆಯ ಜನರನ್ನು ನೋಡಿ ಮಾಡಿದ ವಿಜ್ಞಾನ ಎಷ್ಟೋ ಕಡೆ ಸುಮ್ನೆ ತಪ್ಪಾಗಿದೆ. ನೈತಿಕವಾಗಿ ತಪ್ಪು ಅನ್ನುವುದು ಬಿಡಿ. ಅಳತೆಯೇ ತಪ್ಪು.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಸಮಯದಲ್ಲಿ ಮನೆಮಾತಾಯಿತು. ಅದು ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಲೆಕ್ಕ ಹಾಕುತ್ತದೆ. ಚರ್ಮ ಕಪ್ಪಾದಷ್ಟೂ ಲೆಕ್ಕ ತಪ್ಪುವ ಸಾಧ್ಯತೆ ಜಾಸ್ತಿ. 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆ ಹಿಡಿದು ಒಂದು ತಂಡ ಲೆಕ್ಕ ಹಾಕಿತು. ಯಂತ್ರ ‘ಪರವಾಗಿಲ್ಲ’ ಎನ್ನುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದ ಪ್ರಸಂಗಗಳು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಇದ್ದವು. ಈ ದೋಷದ ಸುಳಿವು ದಶಕಗಳ ಹಿಂದೆಯೇ ಸಿಕ್ಕಿತ್ತು. ಅದನ್ನು ತುರ್ತು ಅಂತ ಭಾವಿಸುವವರು ತೀರ್ಮಾನ ತೆಗೆದುಕೊಳ್ಳುವ ಕೋಣೆಗಳಲ್ಲಿ ಕಡಿಮೆ ಇದ್ದರು ಅಂತ ಕಾಣುತ್ತದೆ.

ಇಲಿಗಳ ಕತೆ ಇನ್ನೂ ತಮಾಷೆ. ನರವಿಜ್ಞಾನದ ಪ್ರಾಣಿ ಪ್ರಯೋಗಗಳಲ್ಲಿ ಗಂಡು ಪ್ರಾಣಿಗಳನ್ನು ಮಾತ್ರ ಬಳಸಿದ ಅಧ್ಯಯನಗಳು ಹೆಣ್ಣನ್ನು ಮಾತ್ರ ಬಳಸಿದ ಅಧ್ಯಯನಗಳ 5.5 ಪಟ್ಟು ಇವೆ ಅಂತ 2011ರ ಒಂದು ಪರಿಶೀಲನೆ ತೋರಿಸಿತು. ಕಾರಣ ಕೇಳಿದರೆ, ಹೆಣ್ಣು ಇಲಿಗಳಲ್ಲಿ ಹಾರ್ಮೋನು ಏರುಪೇರಾಗುತ್ತದೆ, ಫಲಿತಾಂಶ ಚೆದುರಿಹೋಗುತ್ತದೆ ಎನ್ನುತ್ತಿದ್ದರು. 2014ರಲ್ಲಿ 293 ಪೇಪರುಗಳ ಲೆಕ್ಕ ಒಟ್ಟುಗೂಡಿಸಿ ನೋಡಿದರೆ ಹೆಣ್ಣು ಇಲಿಗಳು ಗಂಡಿಗಿಂತ ಹೆಚ್ಚೇನೂ ಚೆದುರಿರಲಿಲ್ಲ. ಸರಿಯಾಗಿ ಅಳೆದು ನೋಡದ ಊಹೆಯೊಂದು ಅಷ್ಟು ವರ್ಷ ಪ್ರಯೋಗದ ವಿಧಾನವಾಗಿ ಕುಳಿತಿತ್ತು! ಇದು ಇಲಿಗಳಿಗೆ ನಿಲ್ಲುವ ಮಾತಲ್ಲ. ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಹೆಂಗಸರ ದೇಹ ಅದನ್ನು ನಿಧಾನವಾಗಿ ಕರಗಿಸುತ್ತದೆ. ಅವರಿಗೆ 10 ಮಿಲಿಗ್ರಾಂ ಬದಲು 5 ಸಾಕು ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಹೇಳಿದ್ದು 2013ರಲ್ಲಿ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ನನಗೆ ತುಂಬಾ ಇಷ್ಟವಾದದ್ದು. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ನಡೆದ ಹೃದಯದ ಅಧ್ಯಯನವೊಂದರಲ್ಲಿ ಕಪ್ಪು ಜನರು ಅರ್ಧದಷ್ಟು ಇರುವಂತೆ ಬೇಕೆಂದೇ ಆರಿಸಿಕೊಂಡರು. ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅನ್ನುವ ವಿಜ್ಞಾನಿಗಳು, ಹೀಗೆ ಆರಿಸಿದ ಜನರಲ್ಲಿ ಕೊಲೆಸ್ಟರಾಲ್ ತೀರಾ ಕಡಿಮೆ ಇದ್ದವರ ವಂಶವಾಹಿಗಳನ್ನು ಓದಿದರು. ಕಪ್ಪು ಜನರಲ್ಲಿ ಸುಮಾರು ನೂರಕ್ಕೆ ಇಬ್ಬರಲ್ಲಿ ಪಿಸಿಎಸ್‌ಕೆ9 ಅನ್ನುವ ವಂಶವಾಹಿಯ ಒಂದು ಪ್ರತಿ ಕೆಲಸ ನಿಲ್ಲಿಸಿತ್ತು. ಅವರಿಗೆ ಹೃದಯದ ಕಾಯಿಲೆ ತುಂಬಾ ಕಡಿಮೆ. ಈ ಫಲಿತಾಂಶ ಬಂದದ್ದು 2005-06ರಲ್ಲಿ. ಆ ವಂಶವಾಹಿಯ ಪ್ರೋಟೀನನ್ನು ತಡೆಯುವ ಔಷಧಗಳು 2015ರಲ್ಲಿ ಮಾರುಕಟ್ಟೆಗೆ ಬಂದವು. ಇವತ್ತು ಅವನ್ನು ಎಲ್ಲ ಬಣ್ಣದವರೂ ತೆಗೆದುಕೊಳ್ಳುತ್ತಾರೆ. ಆ ಬದಲಾವಣೆ ಬಿಳಿಯರಲ್ಲಿ ತೀರಾ ಅಪರೂಪ. ಎಂದಿನಂತೆ ಬಿಳಿಯರನ್ನೇ ಹೆಚ್ಚಾಗಿ ಸೇರಿಸಿಕೊಂಡಿದ್ದರೆ ಕಣ್ಣಿಗೆ ಬೀಳುವುದು ಕಷ್ಟವಿತ್ತು. ‘ವೈವಿಧ್ಯದಿಂದ ವಿಜ್ಞಾನಕ್ಕೇನು ಲಾಭ?’ ಅಂತ ನಿಮ್ಮ ಹಿರಿಯರು ಕೇಳಿದರೆ ಈ ಕತೆ ಹೇಳಿ.

ಈಗ ಬಾಗಿಲಿನ ಮಾತಿಗೆ ಬರೋಣ. ಬಾಗಿಲು ತೆರೆದಿದೆ, ನಿಜ. ಅಲ್ಲಿಗೆ ಬರುವ ದಾರಿ ಎಲ್ಲರಿಗೂ ಒಂದೇ ಉದ್ದವೇ? 2022ರಲ್ಲಿ ಅಮೆರಿಕದ ಏಳು ಸಾವಿರಕ್ಕೂ ಹೆಚ್ಚು ಅಧ್ಯಾಪಕರ ಮನೆಯ ಹಿನ್ನೆಲೆ ಕೇಳಿದ ಒಂದು ಅಧ್ಯಯನ ಬಂತು. ಸಾಮಾನ್ಯ ಜನರಿಗೆ ಹೋಲಿಸಿದರೆ, ಅಪ್ಪ ಅಥವಾ ಅಮ್ಮ ಪಿಎಚ್‌ಡಿ ಮಾಡಿರುವ ಸಾಧ್ಯತೆ ಅಧ್ಯಾಪಕರಲ್ಲಿ 25 ಪಟ್ಟಿನವರೆಗೂ ಜಾಸ್ತಿ. ಅದೇ ವರ್ಷದ ಇನ್ನೊಂದು ಲೆಕ್ಕದ ಪ್ರಕಾರ ಅಲ್ಲಿ ಓದಿ ಅಲ್ಲೇ ಅಧ್ಯಾಪಕರಾದವರಲ್ಲಿ ನೂರಕ್ಕೆ 80 ಮಂದಿ ಬರೀ ನೂರಕ್ಕೆ 20ರಷ್ಟು ವಿಶ್ವವಿದ್ಯಾಲಯಗಳಿಂದ ಬಂದವರು. ಪ್ರತಿಭೆ ಅಷ್ಟು ಅಚ್ಚುಕಟ್ಟಾಗಿ ಕೆಲವೇ ಮನೆ, ಕೆಲವೇ ಕ್ಯಾಂಪಸ್‌ಗಳಲ್ಲಿ ಹುಟ್ಟುತ್ತದೆ ಅಂತ ನಂಬುವುದು ಕಷ್ಟ. ಮನೆಯಲ್ಲಿ ಪಿಎಚ್‌ಡಿ ಮಾಡಿದವರಿದ್ದರೆ ಕೆಲವು ಗುಟ್ಟುಗಳು ಊಟದ ಹೊತ್ತಿಗೇ ಗೊತ್ತಾಗುತ್ತವೆ. ಅರ್ಜಿ ಹಾಕುವ ಮೊದಲೇ ಗೈಡ್‌ಗೆ ಇಮೇಲ್ ಬರೆಯಬೇಕು, ರಜೆಯಲ್ಲಿ ಲ್ಯಾಬಿಗೆ ಹೋಗಬೇಕು, ಯಾರ ಹತ್ತಿರ ಪತ್ರ ಬರೆಸಿದರೆ ತೂಕ ಜಾಸ್ತಿ. ಮೊದಲ ತಲೆಮಾರಿನ ವಿದ್ಯಾರ್ಥಿಗೆ ಇಂಥ ಗುಟ್ಟು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಆತ ನಿಯಮ ಓದಿ ಅರ್ಜಿ ತುಂಬಿ ಕಾಯುತ್ತಾ ಕೂರುತ್ತಾನೆ.

ಭಾಷೆಯೂ ಹಾಗೆಯೇ. ವಿಜ್ಞಾನದ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪರಿಸರ ವಿಜ್ಞಾನದ 908 ಸಂಶೋಧಕರನ್ನು ಕೇಳಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಲ್ಲದವರ ಪೇಪರು ಭಾಷೆಯ ಕಾರಣಕ್ಕೆ ತಿರಸ್ಕಾರವಾಗುವುದು ಸುಮಾರು 2.5 ಪಟ್ಟು ಜಾಸ್ತಿ ಅಂತ ಕಂಡಿತು. ಓದುವುದಕ್ಕೂ ಬರೆಯುವುದಕ್ಕೂ ಹಿಡಿಯುವ ಹೆಚ್ಚಿನ ಗಂಟೆಗಳ ಲೆಕ್ಕ ಬೇರೆ. ಕನ್ನಡದಲ್ಲಿ ಇದನ್ನು ಓದುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಗಿಲು ದಾಟಿ ಒಳಗೆ ಬಂದವರದ್ದು ಇನ್ನೊಂದು ಕತೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ 1990ರ ದಶಕದಲ್ಲಿ ಮೀನಿನ ತೊಟ್ಟಿ ಇಡಲು ಇನ್ನಷ್ಟು ಜಾಗ ಕೇಳಿದರು. ಕೊಡಲಿಲ್ಲ. ಅಳತೆ ಟೇಪು ಹಿಡಿದು ಕಟ್ಟಡದ ಲ್ಯಾಬುಗಳನ್ನು ತಾವೇ ಅಳೆದರು. ಹಿರಿಯ ಮಹಿಳೆಯಾದ ಅವರಿಗೆ ಸಿಕ್ಕಿದ್ದು ಗಂಡಸರಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಕಡಿಮೆ ಜಾಗ. ಆಗ ಅಲ್ಲಿನ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಹುದ್ದೆಯಲ್ಲಿದ್ದ ಗಂಡಸರು 194, ಹೆಂಗಸರು 15. ಸಮಿತಿ ಕೂತು ಲೆಕ್ಕ ತೆಗೆದು, 1999ರಲ್ಲಿ ವರದಿ ಹೊರಬಂದಾಗ ಸಂಸ್ಥೆಯೇ ತಪ್ಪು ಒಪ್ಪಿಕೊಂಡಿತು. ಈ ಪ್ರಸಂಗದಲ್ಲಿ ನನಗೆ ಹಿಡಿಸುವುದು ಆ ಟೇಪು. ಅವರು ‘ನನಗೆ ಅನ್ಯಾಯವಾಗಿದೆ ಅನ್ನಿಸುತ್ತಿದೆ’ ಅಂತ ನಿಲ್ಲಿಸಲಿಲ್ಲ, ಅಡಿ ಲೆಕ್ಕ ತಂದು ಮುಂದಿಟ್ಟರು.

ನೀವು ವೈವಿಧ್ಯದ ಜೊತೆ ಸಮತೆ ಅನ್ನುವ ಮಾತನ್ನೂ ಬಳಸಿದ್ದೀರಿ. ಎಲ್ಲರಿಗೂ ಒಂದೇ ನಿಯಮ ಇದ್ದರೆ ಅದು ಸಮಾನತೆ. ಆ ನಿಯಮದಿಂದ ಕೊನೆಗೆ ಯಾರಿಗೆ ಏನಾಯಿತು ಅಂತ ಕೇಳುವುದು ಸಮತೆ. ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ. ಅಮೆರಿಕದ ಕೆಲವು ಅರ್ಥಶಾಸ್ತ್ರ ವಿಭಾಗಗಳು ಮಗು ಹುಟ್ಟಿದರೆ ಅಪ್ಪ ಅಮ್ಮ ಇಬ್ಬರಿಗೂ, ಕಾಯಂ ಹುದ್ದೆಗೆ ಅರ್ಹತೆ ತೋರಿಸಬೇಕಾದ ಗಡುವನ್ನು ಒಂದು ವರ್ಷ ಮುಂದೂಡುವ ನಿಯಮ ತಂದವು. ನೋಡಲು ಎಷ್ಟು ನ್ಯಾಯವಾಗಿದೆ! 2018ರಲ್ಲಿ ಲೆಕ್ಕ ಹಾಕಿದರೆ ಆ ನಿಯಮ ಬಂದ ಮೇಲೆ ಅಲ್ಲೇ ಕಾಯಂ ಆದ ಗಂಡಸರು ಹೆಚ್ಚಾಗಿದ್ದರು, ಹೆಂಗಸರು ಕಡಿಮೆಯಾಗಿದ್ದರು. ಸಿಕ್ಕ ವರ್ಷದಲ್ಲಿ ಗಂಡಸರು ದೊಡ್ಡ ಪತ್ರಿಕೆಗಳಲ್ಲಿ ಇನ್ನಷ್ಟು ಪೇಪರು ಪ್ರಕಟಿಸಿಕೊಂಡಿದ್ದರು. ಒಳ್ಳೆಯ ಮನಸ್ಸಿನಿಂದ ತಂದ ನಿಯಮವನ್ನೂ ಹೀಗೆ ಅಳೆದು ನೋಡಬೇಕು.

ಏನು ಮಾಡಿದರೆ ಉಪಯೋಗ ಅನ್ನುವ ಪ್ರಶ್ನೆಗೆ ಮೊದಲು, ಯಾವುದರಿಂದ ಹೆಚ್ಚು ಉಪಯೋಗವಿಲ್ಲ ಅಂತ ಹೇಳಿಬಿಡುತ್ತೇನೆ. ಅರ್ಧ ದಿನದ ಕಡ್ಡಾಯ ಕಾರ್ಯಾಗಾರ. ಮನಸ್ಸಿನೊಳಗಿನ ಪೂರ್ವಗ್ರಹವನ್ನು ಬದಲಿಸುವ ಪ್ರಯತ್ನಗಳ 492 ಅಧ್ಯಯನಗಳನ್ನು 2019ರಲ್ಲಿ ಒಟ್ಟಿಗೆ ನೋಡಿದಾಗ, ಪೂರ್ವಗ್ರಹ ಅಳೆಯುವ ಪರೀಕ್ಷೆಯಲ್ಲಿ ಬರುವ ಅಂಕ ಸ್ವಲ್ಪ ಅಲುಗಾಡುತ್ತದೆ, ನಡವಳಿಕೆ ಅದರ ಹಿಂದೆ ಹೋಗುವುದಿಲ್ಲ ಅಂತ ಗೊತ್ತಾಯಿತು. ಗೋಡೆಗೆ ಪೋಸ್ಟರ್ ಅಂಟಿಸುವುದೂ ಅಷ್ಟೇ. ಜನರ ಮನಸ್ಸು ತಿದ್ದುವುದಕ್ಕಿಂತ ಕೆಲಸದ ಕ್ರಮ ತಿದ್ದುವುದು ಸುಲಭ.

ಕ್ರಮ ತಿದ್ದಿದರೆ ಏನಾಗುತ್ತದೆ ಅನ್ನುವುದಕ್ಕೆ ಹಬಲ್ ದೂರದರ್ಶಕವನ್ನು ನೋಡಿ. ಅದರಲ್ಲಿ ವೀಕ್ಷಣೆಗೆ ಸಮಯ ಸಿಗುವುದು ಲಾಟರಿ ಹೊಡೆದಂತೆ. ಹೆಂಗಸರು ಮುಂದಾಳುಗಳಾಗಿದ್ದ ಪ್ರಸ್ತಾವಗಳಿಗೆ ವರ್ಷ ವರ್ಷವೂ ಸ್ವಲ್ಪ ಕಡಿಮೆ ಯಶಸ್ಸು ಸಿಗುತ್ತಿತ್ತು. 2018ರಲ್ಲಿ ಪ್ರಸ್ತಾವಗಳಿಂದ ಹೆಸರು, ಸಂಸ್ಥೆ ಎಲ್ಲ ತೆಗೆದು ಓದಲು ಕೊಟ್ಟರು. ಆ ಸುತ್ತಿನಲ್ಲಿ ಹೆಂಗಸರ ಯಶಸ್ಸು ನೂರಕ್ಕೆ 8.7, ಗಂಡಸರದ್ದು 8.0. ಅಂತರ ಚಿಕ್ಕದು, ಒಂದು ಸುತ್ತಿನ ಮೇಲೆ ದೊಡ್ಡ ಮಾತು ಕಟ್ಟಬಾರದು. ಆಮೇಲಿನ ಸುತ್ತುಗಳಲ್ಲಿ ಇನ್ನೊಂದು ಬದಲಾವಣೆ ಕಂಡಿತು. ಹಿಂದೆ ಒಮ್ಮೆಯೂ ಹಬಲ್ ಸಮಯ ಪಡೆಯದ ಹೊಸಬರು ಹೆಚ್ಚಾದರು. ಓದುವವರ ಮಾತುಕತೆಯೂ ‘ಇವರು ಯಾರು’ ಅನ್ನುವುದರಿಂದ ‘ಇದರಲ್ಲಿ ಏನಿದೆ’ ಅನ್ನುವ ಕಡೆಗೆ ತಿರುಗಿತಂತೆ.

ಪಾಠ ಹೇಳುವ ಕ್ರಮಕ್ಕೂ ಇದು ಅನ್ವಯಿಸುತ್ತದೆ. ಬರೀ ಉಪನ್ಯಾಸ ಕೇಳುವ ತರಗತಿಗಳನ್ನು, ವಿದ್ಯಾರ್ಥಿಗಳು ಅಲ್ಲೇ ಲೆಕ್ಕ ಬಿಡಿಸಿ ಚರ್ಚೆ ಮಾಡುವ ತರಗತಿಗಳ ಜೊತೆ ಹೋಲಿಸಿದ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ನೋಡಿದರು. ಉಪನ್ಯಾಸದ ತರಗತಿಯಲ್ಲಿ ಫೇಲ್ ಆಗುವ ಸಾಧ್ಯತೆ ಒಂದೂವರೆ ಪಟ್ಟು. 2020ರಲ್ಲಿ ಇನ್ನೊಂದು ತಂಡ ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳ ಲೆಕ್ಕವನ್ನೇ ಬೇರೆಯಾಗಿ ತೆಗೆಯಿತು. ಚರ್ಚೆಯ ತರಗತಿಗಳಲ್ಲಿ ಪಾಸಾಗುವ ಪ್ರಮಾಣದ ಅಂತರ ನೂರಕ್ಕೆ 45ರಷ್ಟು ಕಡಿಮೆಯಾಗಿತ್ತು. ಎಲ್ಲರಿಗೂ ಒಳ್ಳೆಯದು, ಹಿಂದೆ ಇದ್ದವರಿಗೆ ಇನ್ನೂ ಒಳ್ಳೆಯದು. ಗುಣಮಟ್ಟ ಇಳಿಯುತ್ತದೆ ಅನ್ನುವ ಭಯ ಇಲ್ಲಿ ತಲೆಕೆಳಗಾಗುತ್ತದೆ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್‌ನಲ್ಲಿ, ವಿಜ್ಞಾನ ಓದುವ ಕಪ್ಪು ವಿದ್ಯಾರ್ಥಿಗಳಿಗಾಗಿ 1988ರಲ್ಲಿ ಶುರುವಾದ ಮೆಯರ್‌ಹಾಫ್ ಕಾರ್ಯಕ್ರಮವನ್ನೂ ಹೇಳಬೇಕು. ಅಲ್ಲಿ ಸೀಟು ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಮೊದಲ ತರಗತಿಗೂ ಮುಂಚೆ ಬೇಸಿಗೆಯಲ್ಲಿ ತಯಾರಿ, ಒಟ್ಟಿಗೆ ಕೂತು ಓದುವ ರೂಢಿ, ಹಣದ ನೆರವು, ಬೇಗನೇ ನಿಜವಾದ ಲ್ಯಾಬಿನಲ್ಲಿ ಕೆಲಸ. ಮಟ್ಟವನ್ನು ಇಳಿಸಲಿಲ್ಲ. ಮಟ್ಟ ಎತ್ತರದಲ್ಲೇ ಇತ್ತು, ಅದರ ಜೊತೆ ಏಣಿಯನ್ನೂ ಇಟ್ಟರು. ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಂದಾಳಾಗಿದ್ದ ಕಿಜ್ಮೆಕಿಯಾ ಕಾರ್ಬೆಟ್ ಈ ಕಾರ್ಯಕ್ರಮದಲ್ಲಿ ಓದಿದವರು.

ಸೀಟು ಮೀಸಲಿಡುವ ವಿಚಾರ ಕೇಳಿದರೆ, ಅದನ್ನು ತೀರ್ಮಾನಿಸುವುದು ಆಯಾ ದೇಶದ ಕಾನೂನು, ನಿಮ್ಮ ಸಮಿತಿಯಲ್ಲ. ಅಮೆರಿಕದಲ್ಲಿ ಪ್ರವೇಶಕ್ಕೆ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳುವ ಪದ್ಧತಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಬೇರೆ ಕೆಲವು ದೇಶಗಳಲ್ಲಿ ಮೀಸಲಾತಿಯೇ ಕಾನೂನು. ನಾನು ಈಗ ಹೇಳುವುದನ್ನು ಎರಡೂ ಕಡೆ ಮಾಡಬಹುದು.

ಅರ್ಜಿಯ ಕಟ್ಟು ಬಿಚ್ಚುವ ಮೊದಲೇ, ಏನು ನೋಡುತ್ತೇವೆ, ಯಾವುದಕ್ಕೆ ಎಷ್ಟು ಅಂಕ ಅಂತ ಬರೆದು ಎಲ್ಲರ ಸಹಿ ಹಾಕಿಸಿ. ಇದೊಂದನ್ನು ಮಾಡಿದರೂ ಸಾಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಮೊದಲೇ ಬರೆಯದಿದ್ದರೆ ಇಷ್ಟವಾದ ಅಭ್ಯರ್ಥಿ ಸಿಕ್ಕ ಮೇಲೆ ಮಾನದಂಡ ಹುಟ್ಟಿಕೊಳ್ಳುತ್ತದೆ. ಒಬ್ಬರಿಗೆ ಪೇಪರು ಮುಖ್ಯ, ಇನ್ನೊಬ್ಬರಿಗೆ ‘ಪೇಪರು ಬಿಡಿ, ಹುಡುಗ ಚುರುಕಾಗಿದ್ದಾನೆ’. ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳು, ಒಂದೇ ಕ್ರಮದಲ್ಲಿ. ಅಂಕವನ್ನು ಮಾತುಕತೆಗೆ ಮುಂಚೆ ಒಬ್ಬೊಬ್ಬರೇ ಬರೆದಿಡಲಿ. ಹಿರಿಯರು ಬಾಯಿ ಬಿಟ್ಟ ಮೇಲೆ ಕಿರಿಯರ ಅಂಕ ಆ ಕಡೆಗೆ ಜಾರುತ್ತದೆ. ನೀವು ಕಿರಿಯರು, ನಿಮಗೇ ಗೊತ್ತಾಗುತ್ತದೆ. ಶಿಫಾರಸು ಪತ್ರಗಳನ್ನು ಕೊನೆಗೆ ಓದಿ, ಸಾಧ್ಯವಾದರೆ ಸಹಿ ಮುಚ್ಚಿ ಓದಿ. ‘ನಮ್ಮ ಗುಂಪಿಗೆ ಹೊಂದುತ್ತಾರಾ’ ಅನ್ನುವ ಸಾಲಿಗೆ ಅಂಕವೇ ಇಡಬೇಡಿ. ಅದು ‘ನಮ್ಮ ಹಾಗೆ ಇದ್ದಾರಾ’ ಅನ್ನುವುದರ ಇನ್ನೊಂದು ಹೆಸರು.

ಕಳೆದ ಐದಾರು ವರ್ಷದ ಲೆಕ್ಕ ಕೇಳಿ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರನ್ನು ಕರೆದಿರಿ, ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು. ಅರ್ಜಿಯೇ ಬರದಿದ್ದರೆ ನಿಮ್ಮ ಸುದ್ದಿ ತಲುಪುತ್ತಿಲ್ಲ. ಅರ್ಜಿ ಬಂದು ಆಯ್ಕೆಯಾಗದಿದ್ದರೆ ತಕ್ಕಡಿ ನೋಡಿ. ಸೇರಿದವರು ನಡುವೆ ಬಿಟ್ಟುಹೋದರೆ ಲ್ಯಾಬ್ ನೋಡಿ, ಗೈಡ್‌ಗಳನ್ನು ನೋಡಿ. ಮೂರಕ್ಕೂ ಮದ್ದು ಬೇರೆ ಬೇರೆ. ಹೆಚ್ಚಿನ ಕಡೆ ಮೂರನೆಯದಕ್ಕೂ ಮೊದಲನೆಯ ಮದ್ದೇ ಹಾಕುತ್ತಾರೆ. ಬಾಗಿಲಲ್ಲಿ ಇನ್ನಷ್ಟು ಜನರನ್ನು ಒಳಗೆ ಬಿಡುತ್ತಾರೆ, ಅವರೂ ಹಿಂಬಾಗಿಲಿನಿಂದ ಹೊರಗೆ ಹೋಗುತ್ತಾರೆ.

ಒಂದು ಎಚ್ಚರಿಕೆ. ವಿಭಾಗದಲ್ಲಿ ಒಬ್ಬರೇ ಮಹಿಳೆ ಅಥವಾ ಹಿಂದುಳಿದ ಸಮುದಾಯದ ಒಬ್ಬರೇ ಅಧ್ಯಾಪಕರಿದ್ದರೆ ಅವರನ್ನು ಎಲ್ಲ ಸಮಿತಿಗಳಿಗೂ ಹಾಕುವ ಚಟ ಇರುತ್ತದೆ. ಸಮಿತಿಯಲ್ಲಿ ವೈವಿಧ್ಯ ಬಂತು ಅಂತ ನಮಗೆ ಸಮಾಧಾನ. ಅವರ ಸಂಶೋಧನೆಯ ಗಂಟೆಗಳು ಹೋದವು. ಬಡ್ತಿಯ ಸಮಯದಲ್ಲಿ ‘ಪೇಪರು ಕಡಿಮೆ’ ಅನ್ನುವವರೂ ನಾವೇ. ಸಮಿತಿಗೆ ಹಾಕಿದರೆ ಪಾಠದ ಹೊರೆ ಇಳಿಸಿ, ಇಲ್ಲವಾದರೆ ಹಾಕಬೇಡಿ.

ಕೊನೆಗೆ ಹಣ. ಬ್ರಿಟನ್ನಿನ ಖಗೋಳ ವಿಜ್ಞಾನಿ ಜೋಸೆಲಿನ್ ಬೆಲ್ ಬರ್ನೆಲ್ ಪಲ್ಸಾರ್ ನಕ್ಷತ್ರಗಳ ಸುಳಿವನ್ನು ಮೊದಲು ಕಂಡದ್ದು 1967ರಲ್ಲಿ, ವಿದ್ಯಾರ್ಥಿನಿಯಾಗಿದ್ದಾಗ. 1974ರ ನೊಬೆಲ್ ಅವರ ಗೈಡ್‌ಗೆ ಹೋಯಿತು. 2018ರಲ್ಲಿ ಅವರಿಗೆ 30 ಲಕ್ಷ ಡಾಲರ್‌ನ ಬ್ರೇಕ್‌ಥ್ರೂ ಬಹುಮಾನ ಬಂದಾಗ ಪೂರ್ತಿ ಹಣವನ್ನು ಭೌತವಿಜ್ಞಾನದಲ್ಲಿ ಕಡಿಮೆ ಕಾಣುವ ಸಮುದಾಯಗಳ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಟ್ಟುಬಿಟ್ಟರು. ಆ ಜಾಗದಲ್ಲಿ ನಿಂತು ನೋಡಿದವರಿಗೆ ಹಣ ಎಲ್ಲಿ ಬೇಕು ಅಂತ ಗೊತ್ತಿತ್ತು. ನಿಮ್ಮಿಂದ ಅಷ್ಟು ಆಗದು, ನನ್ನಿಂದಲೂ ಆಗದು. ಆದರೆ ಎಷ್ಟೋ ವಿಭಾಗಗಳಲ್ಲಿ ವಿದ್ಯಾರ್ಥಿ ಸಮ್ಮೇಳನಕ್ಕೆ ಹೋಗಬೇಕಾದರೆ ಟಿಕೆಟ್ಟು, ರೂಮು, ಶುಲ್ಕ ಎಲ್ಲ ಮೊದಲು ತನ್ನ ಕೈಯಿಂದ ಕಟ್ಟಬೇಕು. ಆಮೇಲೆ ಬಿಲ್ಲು ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. ಕೈಯಲ್ಲಿ ಹಣವಿದ್ದವರು ಹೋಗುತ್ತಾರೆ, ನಾಲ್ಕು ಜನರ ಪರಿಚಯ ಮಾಡಿಕೊಂಡು ಬರುತ್ತಾರೆ. ಇಲ್ಲದವರು ‘ಈ ಸಲ ಬೇಡ ಸರ್, ಸ್ವಲ್ಪ ಕೆಲಸ ಇದೆ’ ಎನ್ನುತ್ತಾರೆ. ನಾವು ಅದನ್ನು ಆಸಕ್ತಿ ಕಡಿಮೆ ಅಂತ ಬರೆದುಕೊಳ್ಳುತ್ತೇವೆ. ನಿಮ್ಮಲ್ಲಿ ಮುಂಗಡ ಕೊಡುವ ಪದ್ಧತಿ ಇದೆಯಾ? ಬಿಲ್ಲು ಪಾಸಾಗಲು ಎಷ್ಟು ದಿನ ಹಿಡಿಯುತ್ತದೆ? ಸಮಿತಿಯ ಮೊದಲ ಸಭೆಗೆ ಹೋಗುವ ಮುಂಚೆ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಒಮ್ಮೆ ಕೇಳಿಕೊಂಡು ಬನ್ನಿ.